ಬೆಳಗಾವಿಯಿಂದ ಕಾರವಾರ, ಅಲ್ಲಿಂದ ಸಮುದ್ರದ ದಂಡಿಗುಂಟ ಉಡುಪಿ: ಆರು ದಿನದ ಸೈಕಲ್ ಪ್ರವಾಸಕ್ಕ ದಾರಿ ಹೇಳ್ರಿ

ಘಟಪ್ರಭಾ_ಗೇರ್ (ಬೆಳಗಾವಿ)

ಎಲ್ಲಾರಿಗೂ ನಮಸ್ಕಾರ್ರಿ. ಡಿಸೆಂಬರ್ ಎರಡನೇ ವಾರದಾಗ ನಾವು ನಾಲ್ಕು ಮಂದಿ ಬೆಳಗಾವಿಯಿಂದ ಹೊರಟು, ಕಾರವಾರದಾಗ ಸಮುದ್ರ ಹಿಡಿದು ಉಡುಪಿತನಕ ಸೈಕಲ್ ಮ್ಯಾಲೆ ಹೋಗಬೇಕಂತ ಮಾಡೇವಿ. ಕೈಯಾಗ ಆರು ದಿನ ಅದಾವ. ದಿನಕ್ಕ 80 ಕಿ.ಮೀ. ತುಳಿಯೂದು ಎಲ್ಲಾರಿಗೂ ರೂಢಿ ಐತಿ, ಆದ್ರ ಅದು ನಮ್ಮ ಬಯಲುಸೀಮಿ ರಸ್ತೆದಾಗ, ಖಾಲಿ ಸೈಕಲ್ ಮ್ಯಾಲೆ. ಸಾಮಾನು ಹೇರಿಕೊಂಡು ಘಟ್ಟ ಇಳಿಯೂದು, ಕರಾವಳಿ ಸೆಕಿಯೊಳಗ ತುಳಿಯೂದು ಎರಡೂ ಹೊಸಾವು.

ಮೂರು ಸೈಕಲ್ ಹೈಬ್ರಿಡ್ (700x35 ಟಯರ್, ರಿಮ್ ಒತ್ತಿ ಹಿಡಿಯೂ ವಿ-ಬ್ರೇಕ್, ಹಿಂದ 7 ಗೇರ್), ಒಂದು ಎಂಟಿಬಿ, ಅಂದ್ರ ಗುಡ್ಡಗಾಡು ಸೈಕಲ್ (26 ಇಂಚು, ಡಿಸ್ಕ್ ಬ್ರೇಕ್). ತಲಾ ಹತ್ತು ಕಿಲೋ ಸಾಮಾನು ಆಗಬಹುದು. ಟೆಂಟ್ ಒಯ್ಯೂದಿಲ್ಲ, ಲಾಡ್ಜ್ ಇಲ್ಲಾ ಹೋಂಸ್ಟೇ.

ಕೇಳಬೇಕಾಗಿದ್ದು ಇಷ್ಟು: ಚೋರ್ಲಾ, ಅನಮೋಡ, ಅಣಶಿ ಮೂರರಾಗ ಯಾವ ಘಟ್ಟ ಇಳಿಯೂದು ಚಲೋ? ಹೆದ್ದಾರಿ 66 ಎಲ್ಲೆಲ್ಲಿ ತಪ್ಪಿಸಬಹುದು? ಬಿಡಿಭಾಗ ಏನೇನು ಇಟ್ಕೋಬೇಕು? ವಾಪಸ್ ಬರುವಾಗ ಸೈಕಲ್ ಹೆಂಗ ತರೂದು?

ಖಾನಾಪುರ_ಕಾಡುದಾರಿ

ಅಣಶಿನೇ ಹಿಡೀರಿ. ಚೋರ್ಲಾ ಇಳಿದ್ರ ಗೋವಾದಾಗ ಸಾಖಳಿ ಕಡೆ ಹೊಕ್ಕಂಗ. ಅಲ್ಲಿಂದ ಕಾರವಾರಕ್ಕ ಬರಬೇಕಂದ್ರ ಗೋವಾದ ಉದ್ದಕ್ಕೂ ವಾಹನದ ಗದ್ದಲದಾಗ ತುಳೀಬೇಕು, ಒಂದಿಡೀ ದಿನ ಹಾಳು. ಅನಮೋಡದಾಗ ಲಾರಿ ಭಾಳ. ಅಣಶಿ ದಾರಿ ದೂರ ಅನಸಿದ್ರೂ ನೆಟ್ಟಗ ಕಾರವಾರಕ್ಕ ಇಳಸತೈತಿ, ಉದ್ದಕ್ಕೂ ಕಾಡಿನ ನೆರಳು.

ಮೊದಲ ದಿನ ಖಾನಾಪುರ, ಲೋಂಡಾ, ರಾಮನಗರ ಮ್ಯಾಲೆ ಹಾದು ಜೊಯಿಡಾ, ಸುಮಾರು 85 ಕಿ.ಮೀ. ರಾಮನಗರ ದಾಟಿದ ಮ್ಯಾಲೆ ಏರು ಇಳಿವು ಒಂದರ ಹಿಂದ ಒಂದು ಬರತಾವ. ಬೆಳಗಾವಿ ಸಮುದ್ರಮಟ್ಟದಿಂದ 750 ಮೀಟರ್ ಮ್ಯಾಲೈತಿ, ಕಾರವಾರ ಸೊನ್ನೆ, ಅಂದ್ರ ಎಲ್ಲಾ ಇಳಿಜಾರು ಅಂತ ಲೆಕ್ಕಾ ಹಾಕಬ್ಯಾಡ್ರಿ. ಇಳಿಯೂದರ ದೊಡ್ಡ ಪಾಲು ಎರಡನೇ ದಿನ ಅಣಶಿಯಿಂದ ಕದ್ರಾತನಕ ಒಮ್ಮೆಲೇ ಬರೂದು.

ಎರಡನೇ ದಿನ ಜೊಯಿಡಾ, ಕುಂಬಾರವಾಡ, ಅಣಶಿ, ಕದ್ರಾ, ಕಾರವಾರ. ಇದೂ ಹೆಚ್ಚೂಕಡಿಮಿ ಅಷ್ಟೇ ದೂರ. ಇದು ಕಾಳಿ ಹುಲಿ ಸಂರಕ್ಷಿತ ಪ್ರದೇಶದ ರಸ್ತೆ. ನಸುಕಿನ್ಯಾಗ ಹೊರಡಬ್ಯಾಡ್ರಿ. ಕಾಡುಕೋಣ ರಸ್ತೆಗೆ ಬರೂದು ಅದೇ ಹೊತ್ತಿಗೆ, ಸೈಕಲ್ ಸಪ್ಪಳ ಮಾಡೂದಿಲ್ಲ, ತಿರುವಿನ್ಯಾಗ ಎದುರಾಬದುರಾ ಆದ್ರ ಅದೂ ಬೆದರತೈತಿ. ಪೂರ್ತಿ ಬೆಳಕಾಗಿ ಏಳೂವರೆ ಆದ ಮ್ಯಾಲೆ ಬಿಡ್ರಿ, ತಿರುವಿಗೊಮ್ಮೆ ಗಂಟಿ ಬಾರಸ್ರಿ. ಕುಂಬಾರವಾಡ ಬಿಟ್ರ ಅಂಗಡಿ ಕಡಿಮಿ, ಮೊಬೈಲ್ ಸಿಗ್ನಲ್ ಸುಮಾರು ಕಡೆ ಇಲ್ಲ. ನಕ್ಷೆ ಮೊದಲ ಡೌನ್‌ಲೋಡ್ ಮಾಡ್ಕೊರಿ, ರೊಕ್ಕ ಕೈಯಾಗ ಇಟ್ಕೊರಿ, ತಲಾ ಎರಡು ಲೀಟರ್ ನೀರು ತುಂಬ್ಕೊರಿ.

ಇನ್ನ ಘಟ್ಟ ಇಳಿಯೂ ವಿಚಾರ. ನಾಲ್ಕು ಮಂದಿಗೂ ಇದನ್ನ ಓದಸ್ರಿ. ವಿ-ಬ್ರೇಕ್ ಹಿಡಕೊಂಡೇ ಇಳಿದ್ರ ರಿಮ್ ಕಾದು ಒಳಗಿನ ಗಾಳಿ ಹಿಗ್ಗತೈತಿ, ಹಳೇ ಪಂಕ್ಚರಿನ ಪ್ಯಾಚ್ ಅಂಟು ಬಿಡತೈತಿ. ಅದು ಎಲ್ಲಿ ಬಿಡೂದು ಅಂದ್ರ ತಿರುವಿನ್ಯಾಗ. ಅದಕ್ಕ ಆ ದಿನ ಎರಡೂ ಚಕ್ರಕ್ಕ ಪ್ಯಾಚ್ ಇಲ್ಲದ ಟ್ಯೂಬ್ ಇರಲಿ. ತಿರುವಿಗಿಂತ ಮೊದಲ, ನೆಟ್ಟಗಿರೂ ರಸ್ತೆದಾಗ ಎರಡೂ ಬ್ರೇಕ್ ಗಟ್ಟಿಯಾಗಿ ಒತ್ತಿ ವೇಗ ಇಳಿಸಿ, ಆಮ್ಯಾಲೆ ಬಿಟ್ಟು ತಿರುಗ್ರಿ. ತಿರುವಿನೊಳಗ ಒತ್ತಬ್ಯಾಡ್ರಿ, ಹಿಂದಿನ ಭಾರ ಸೈಕಲ್ಲನ್ನ ಹೊರಗ ತಳ್ಳತೈತಿ. ಮೂರ್ನಾಲ್ಕು ಕಿ.ಮೀ.ಗೆ ಒಮ್ಮೆ ನಿಂತು ರಿಮ್ ಹತ್ರ ಬೆರಳು ಒಯ್ದು ನೋಡ್ರಿ. ಮುಟ್ಟಾಕ ಆಗದಷ್ಟು ಬಿಸಿ ಇದ್ರ ಹತ್ತು ನಿಮಿಷ ಕೂಡ್ರಿ. ನೀರು ಹೊಯ್ಯಬ್ಯಾಡ್ರಿ. ಡಿಸ್ಕಿನವರಿಗೂ ಇದೇ ಮಾತು, ಸತತ ಹಿಡಿದ್ರ ಪ್ಯಾಡ್ ಮ್ಯಾಲೆ ಹೊಳಪು ಕಟ್ಟಿ ಹಿಡಿತ ಹೋಗತೈತಿ. ಒಬ್ಬರಿಗೊಬ್ಬರ ನಡುವ 30 ಮೀಟರ್ ಅಂತರ ಬಿಡ್ರಿ.

ಕುಮಟಾ_ತಿಲಕವಾಡಿ

ಕರಾವಳಿ ಭಾಗ ನಾನು ಹೇಳ್ತೇನೆ. ಅಲ್ಲಿ ನಿಮ್ಮನ್ನು ಸುಸ್ತು ಮಾಡೋದು ಕಿ.ಮೀ. ಅಲ್ಲ, ಸೆಕೆ. ಬೆಳಗಾವಿಯ ಒಣಗಾಳಿಯಲ್ಲಿ ಬೆವರು ಆರಿ ಮೈ ತಂಪಾಗುತ್ತದೆ. ಕರಾವಳಿಯ ಗಾಳಿಯಲ್ಲೇ ನೀರಿನಂಶ ತುಂಬಿರುವುದರಿಂದ ಬೆವರು ಆರುವುದೇ ಇಲ್ಲ, ಸುಮ್ಮನೆ ಸುರಿಯುತ್ತದೆ. ನೀರಡಿಕೆ ಆಗಲಿ ಬಿಡಲಿ, ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್ ಕುಡಿಯಿರಿ. ಎಳನೀರು ಎಲ್ಲೆಡೆ ಸಿಗುತ್ತದೆ. ಆದರೆ ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ, ಉಪ್ಪಿನಂಶ ಕಡಿಮೆ. ಬೆವರಲ್ಲಿ ಹೋಗುವುದೇ ಉಪ್ಪು. ಹಾಗಾಗಿ ದಿನಕ್ಕೆ ಒಂದೆರಡು ಪೊಟ್ಟಣ ಓಆರ್‌ಎಸ್, ಇಲ್ಲವೇ ಉಪ್ಪು ಹಾಕಿದ ಮುರುಗಲು ಪಾನಕ ಬೇಕೇ ಬೇಕು. ಮಧ್ಯಾಹ್ನ ಕಾಲಿನ ಮೀನಖಂಡ ಹಿಡಿದುಕೊಂಡರೆ ಉಪ್ಪು ಸಾಲಲಿಲ್ಲ ಅಂತಲೇ ಮೊದಲು ಅನುಮಾನ ಪಡಿ.

ಹೊತ್ತು ಹೀಗೆ ಇಟ್ಟುಕೊಳ್ಳಿ. ಬೆಳಿಗ್ಗೆ ಆರೂವರೆಗೆ ಬಿಟ್ಟು ಹನ್ನೊಂದಕ್ಕೆ ನಿಲ್ಲಿ. ಉಳಿದಿದ್ದು ಮೂರೂವರೆಯಿಂದ ಐದೂವರೆ. ಉತ್ತರದಿಂದ ದಕ್ಷಿಣಕ್ಕೆ ಹೋಗುವ ನಿಮ್ಮ ಯೋಜನೆ ಸರಿಯಾಗಿದೆ. ಬೆಳಿಗ್ಗೆ ನೆಲದ ಕಡೆಯಿಂದ ಸಣ್ಣ ಗಾಳಿ ಇರುತ್ತದೆ, ನೆಲ ಕಾದ ಮೇಲೆ ಕಡಲಗಾಳಿ ಏಳುತ್ತದೆ. ಆ ತಿಂಗಳುಗಳಲ್ಲಿ ಅದು ಹೆಚ್ಚಾಗಿ ವಾಯವ್ಯದಿಂದ ಬೀಸುವುದರಿಂದ ಮಧ್ಯಾಹ್ನದ ನಂತರ ನಿಮ್ಮ ಬೆನ್ನಿಗೆ. ಉಡುಪಿಯಿಂದ ಕಾರವಾರಕ್ಕೆ ಬರುವವರಿಗೆ ಅದೇ ಗಾಳಿ ಎದುರಾಗುತ್ತದೆ.

ಕಾರವಾರದಿಂದ ಅಂಕೋಲಾ ಸುಮಾರು 35 ಕಿ.ಮೀ., ಇಲ್ಲಿ ಹೆದ್ದಾರಿ ತಪ್ಪಿಸುವುದು ಕಷ್ಟ. ಬಿಣಗಾ ಸುರಂಗಕ್ಕೆ ಹೊಗುವ ಮೊದಲೇ ಹಿಂದಿನ ಕೆಂಪು ದೀಪ ಹಾಕಿ, ಕಪ್ಪು ಕನ್ನಡಕ ತೆಗೆಯಿರಿ, ಸಾಲಾಗಿ ಎಡಕ್ಕೆ ಅಂಟಿಕೊಂಡು ದಾಟಿ. ಅರಗಾದಲ್ಲಿ ನೌಕಾನೆಲೆ ಇದೆ, ಅಲ್ಲಿ ಫೋಟೊ ಬೇಡ. ಅಂಕೋಲಾ ದಾಟಿ ಸಿಗುವ ಶಿರೂರು ಗುಡ್ಡ 2024ರ ಜುಲೈ 16ರಂದು ಕುಸಿದ ಜಾಗ. ಅದರ ಬುಡದಲ್ಲಿ ವಿಶ್ರಾಂತಿಗೆ ಅಂತ ನಿಲ್ಲಬೇಡಿ. ಮಾದನಗೇರಿಯಲ್ಲಿ ಬಲಕ್ಕೆ ತಿರುಗಿದರೆ ಹತ್ತು ಕಿ.ಮೀ.ಗೆ ಗೋಕರ್ಣ. ಮೂರನೇ ದಿನಕ್ಕೆ ಅಷ್ಟು ಸಾಕು.

ನಾಲ್ಕನೇ ದಿನವೇ ಈ ಪ್ರವಾಸದ ಜೀವ. ಗೋಕರ್ಣದಿಂದ ತದಡಿಗೆ ಹೋಗಿ, ಅಘನಾಶಿನಿ ಹೊಳೆಯನ್ನು ಬಾರ್ಜಿನಲ್ಲಿ (ವಾಹನ ಸಾಗಿಸುವ ದೋಣಿಯಲ್ಲಿ) ದಾಟಿ. ಆಚೆ ದಡ ಅಘನಾಶಿನಿ ಊರು. ಅಲ್ಲಿಂದ ಕಾಗಾಲ, ಬಾಡ ಮೇಲೆ ಕುಮಟಾ. ತೆಂಗಿನ ತೋಟದ ನಡುವಿನ ಸಣ್ಣ ರಸ್ತೆ, ಲಾರಿ ಇಲ್ಲ. ಬಾರ್ಜ್ ಎಷ್ಟು ಹೊತ್ತಿಗೆ ಅಂತ ಹಿಂದಿನ ಸಂಜೆಯೇ ತದಡಿಯವರನ್ನು ಕೇಳಿಕೊಳ್ಳಿ. ನೀರು ತೀರಾ ಇಳಿದಾಗ ಕಾಯಬೇಕಾದೀತು. ಸಿಗದಿದ್ದರೆ ಮಾದನಗೇರಿಗೆ ವಾಪಸ್ ಬಂದು ಹಿರೇಗುತ್ತಿ, ಮಿರ್ಜಾನ್ ಮೇಲೆ ಹೆದ್ದಾರಿಯಲ್ಲೇ ಕುಮಟಾ, ಗೋಕರ್ಣದಿಂದ 30 ಕಿ.ಮೀ.ಗೆ ತುಸು ಹೆಚ್ಚು. ಬಾರ್ಜ್ ಹತ್ತುವಾಗ ಸೈಕಲ್ ಇಳಿದು ತಳ್ಳಿಕೊಂಡು ಹೋಗಿ. ಹಲಗೆ ಮೇಲೆ ನೀರೂ ಪಾಚಿಯೂ ಇರುತ್ತದೆ. ಒಳಗೆ ನಿಲ್ಲಿಸಿದ ಮೇಲೆ ಮುಂದಿನ ಬ್ರೇಕ್ ಲಿವರಿಗೆ ಹ್ಯಾಂಡಲ್ ಸೇರಿಸಿ ರಬ್ಬರ್ ಬ್ಯಾಂಡ್ ಸುತ್ತಿ ಬಿಡಿ, ಹೊಯ್ದಾಟಕ್ಕೆ ಸೈಕಲ್ ಉರುಳುವುದಿಲ್ಲ.

ಕುಮಟಾ ನಂತರ ಹೊನ್ನಾವರ, ಶರಾವತಿ ಸೇತುವೆ, ಕಾಸರಕೋಡ, ಮುರ್ಡೇಶ್ವರ. ಸೇತುವೆ ಮೇಲೆ ಅಡ್ಡಗಾಳಿ ಚೀಲಕ್ಕೆ ಹೊಡೆಯುತ್ತದೆ, ಹ್ಯಾಂಡಲ್ ಸಡಿಲ ಹಿಡಿಯಬೇಡಿ. ಐದನೇ ದಿನ ಭಟ್ಕಳ, ಬೈಂದೂರು, ಮರವಂತೆ, ಕುಂದಾಪುರ, 60 ಕಿ.ಮೀ.ಗೆ ತುಸು ಹೆಚ್ಚು. ಮರವಂತೆಯಲ್ಲಿ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ. ನೋಡುವ ಆಸೆಗೆ ಡಾಂಬರಿನ ಮೇಲೇ ನಿಲ್ಲಬೇಡಿ, ಪೂರ್ತಿ ಕೆಳಗಿಳಿಯಿರಿ. ಕೊನೆ ದಿನ ಸಾಸ್ತಾನದಲ್ಲಿ ಹೆದ್ದಾರಿ ಬಿಟ್ಟು ಹಂಗಾರಕಟ್ಟೆ, ಬಾರ್ಜಿನಲ್ಲಿ ಕೋಡಿಬೆಂಗ್ರೆ, ಅಲ್ಲಿಂದ ಹೂಡೆ ಮೇಲೆ ಮಲ್ಪೆ, ಉಡುಪಿ. ದೂರ ಕಡಿಮೆ, ಅವಸರ ಬೇಡ.

ಇನ್ನೊಂದು: ತೊಳೆದ ಬಟ್ಟೆ ರಾತ್ರಿ ಹಾಕಿದರೆ ಬೆಳಿಗ್ಗೆಗೆ ಒಣಗುವುದಿಲ್ಲ. ಮಧ್ಯಾಹ್ನ ನಿಂತ ಕೂಡಲೇ ಹಿಂಡಿ ಬಿಸಿಲಿಗೆ ಹಾಕಿ. ಹಸಿ ಚಡ್ಡಿಯಲ್ಲಿ ತುಳಿದರೆ ತೊಡೆಸಂದು ಕೆತ್ತಿ ಮರುದಿನ ಕೂರಲಾಗುವುದಿಲ್ಲ.

ಗುಮ್ಮಟ_ಸ್ಪೋಕ್ (ವಿಜಯಪುರ)

ನಮ್ಮ ಕಡೆ ಹುಡುಗೂರಿಗೆ ಜಾಲಿಮುಳ್ಳಿನ ಪಂಕ್ಚರ್ ಗೊತ್ತು. ಹೆದ್ದಾರಿ 66ರಾಗ ಬರೂದು ಬ್ಯಾರೆ ನಮೂನಿ. ಒಡೆದ ಲಾರಿ ಟಯರಿನ ಒಳಗಿನ ಕೂದಲಷ್ಟು ಸಣ್ಣ ಉಕ್ಕಿನ ತಂತಿ ರಸ್ತೆ ಅಂಚಿನ್ಯಾಗ ಬಿದ್ದಿರತಾವ. ಅದು ಹೊಕ್ರ ಗಾಳಿ ನಿಧಾನ ಇಳೀತೈತಿ, ಟ್ಯೂಬ್ ಬದಲಿಸಿದ್ರೂ ಮತ್ತ ಅದೇ ಜಾಗಾ ಪಂಕ್ಚರ್. ಟ್ಯೂಬಿನ ತೂತು ಯಾವ ಜಾಗಾದಾಗ ಐತಿ ನೋಡಿ, ಟಯರಿನ ಅದೇ ಜಾಗಾ ಒಳಮೈಗೆ ಹತ್ತಿ ಆಡಸ್ರಿ. ಹತ್ತಿ ಸಿಕ್ಕೊಂಡಲ್ಲಿ ತಂತಿ ಐತಿ. ಸಣ್ಣ ಚಿಮಟದಿಂದ ಎಳೀರಿ.

700ರ ತೆಳು ವಾಲ್ವಿನ ಟ್ಯೂಬ್ ಸಣ್ಣ ಊರಾಗ ಸಿಗೂದು ಕಠಿಣ. ತಲಾ ಎರಡು ಒಯ್ಯಿರಿ. ಪೆಟ್ರೋಲ್ ಪಂಪಿನ ಗಾಳಿ ಹಿಡಿಸಾಕ ಒಂದು ಹಿತ್ತಾಳಿ ಅಡಾಪ್ಟರ್. ಭಾರ ಇದ್ದಾಗ ಗಾಳಿ ಒತ್ತಡ ಹಿಂದಿನ 35ರ ಟಯರಿಗೆ 60ರಿಂದ 65 ಪಿಎಸ್‌ಐ, ಮುಂದಿನದಕ್ಕ 50ರಿಂದ 55.

ಚೈನ್ ಈಗಲೇ ಅಳೀರಿ. 24 ಪಿನ್ನಿನ ಅಂತರ ಹೊಸಾ ಚೈನಿನ್ಯಾಗ ಬರೋಬ್ಬರಿ 12 ಇಂಚು. ಇಂಚಿನ ಹದಿನಾರನೇ ಒಂದು ಪಾಲು ಹೆಚ್ಚಾಗಿದ್ರ ಬದಲಿಸ್ರಿ, ಆದ್ರ ಹೊರಡೂ ಮುಂಜಾನೆ ಅಲ್ಲ, ಹದಿನೈದು ದಿನ ಮೊದಲ. ಹಳೇ ಹಲ್ಲಿನ ಮ್ಯಾಲೆ ಹೊಸಾ ಚೈನ್ ಜಿಗಿದ್ರ ಅದು ಇಲ್ಲೇ ಗೊತ್ತಾಗಬೇಕು. ಉಪ್ಪುಗಾಳಿಗೆ ಒಂದೇ ರಾತ್ರಿಗೆ ಚೈನ್ ಕೆಂಪಾಗತೈತಿ. ದಿನಾ ಸಂಜಿಮುಂದ ಒಣ ಅರಿವಿಯಿಂದ ಒರಿಸಿ, ರೋಲರ್‌ಗೊಂದು ಹನಿ ಎಣ್ಣಿ, ಐದು ನಿಮಿಷ ಬಿಟ್ಟು ಹೊರಗಿಂದ ಪೂರ್ತಿ ಒರಿಸಿಬಿಡ್ರಿ. ಹೊರಗ ಎಣ್ಣಿ ಉಳಿದ್ರ ಉಸುಕು ಅಂಟಿ ಚೈನನ್ನ ತೇಯ್ತೈತಿ. ಬೀಚಿನ ಹಸಿ ಉಸುಕಿನ ಮ್ಯಾಲೆ ಓಡಸಬ್ಯಾಡ್ರಿ, ಉಪ್ಪುನೀರು ಗಾಲಿ ನಡುವಿನ ಹಬ್ಬಿನ ಗುಂಡಿಗೆ ಹೋದ್ರ ತಿಂಗಳದಾಗ ಗರಗರ.

ಕ್ಯಾರಿಯರಿನ ಬೋಲ್ಟ್ ದಿನಾ ಮುಂಜಾನೆ ತಿರುವಿ ನೋಡ್ರಿ. ನಡುಗಿ ಸಡಿಲಾಗೂದು ಅವೇ ಮೊದಲು. ಎರಡು ಎಂ5 ಬೋಲ್ಟ್, ಹತ್ತು ಝಿಪ್ ಟೈ, ಒಂದು ಗೇರ್ ಕೇಬಲ್, ಒಂದು ಬ್ರೇಕ್ ಕೇಬಲ್, ಒಂದು ಜೋಡಿ ಬ್ರೇಕ್ ಶೂ, ಚೈನಿನ ಜೋಡುಕೊಂಡಿ ನಾಲ್ಕು ಮಂದಿಗೆ ಸೇರಿ ಸಾಕು. ಗಾಲಿ ಕಡ್ಡಿ (ಸ್ಪೋಕ್) ಮಾತ್ರ ಪ್ರತಿ ಸೈಕಲ್ಲಿನ ಅಳತಿದು ಮೂರು ಮೂರು, ಫ್ರೇಮಿಗೆ ಟೇಪ್ ಸುತ್ತಿ ಇಡ್ರಿ.

ಘಟಪ್ರಭಾ_ಗೇರ್

ಭಾಳ ಉಪಕಾರ ಆತ್ರಿ ಎಲ್ಲಾರಿಂದ. ಗುಮ್ಮಟ ಅಣ್ಣಾರ, ಹಿಂದಿನ ಚಕ್ರದ ಗೇರ್ ಬದಿ ಕಡ್ಡಿ ಮುರಿದ್ರ ರಸ್ತೆದಾಗ ಬದಲಿಸಾಕ ಬರತೈತೇನ್ರಿ? ಹೈಬ್ರಿಡ್ ಮೂರಕ್ಕೂ ಇರೂ ಗೇರಿನ ಹಲ್ಲುಗಾಲಿ ಕ್ಯಾಸೆಟ್ (ಹಬ್ಬಿಗೆ ಜಾರಿಸಿ ಹಾಕೂದು) ಅಲ್ಲ, ಹಬ್ಬಿಗೆ ಸ್ಕ್ರೂ ಆಗೂ ಫ್ರೀವೀಲ್.

ಗುಮ್ಮಟ_ಸ್ಪೋಕ್ (ವಿಜಯಪುರ)

ಮುರಿಯೂದು ಹೆಚ್ಚಾಗಿ ಅದೇ ಬದಿ. ಗೇರಿಗೆ ಜಾಗಾ ಬಿಡಾಕ ಆ ಕಡೆ ಕಡ್ಡಿ ನೆಟ್ಟಗ ನಿಂತಿರತಾವ, ಬಿಗಿ ಹೆಚ್ಚು. ಫ್ರೀವೀಲ್ ಬಿಚ್ಚಾಕ ಅದರದೇ ಹಲ್ಲಿನ ರಿಮೂವರ್ ಬೇಕು, ತಿರುವಾಕ ದೊಡ್ಡ ಪಾನಾ ಬೇಕು. ರಿಮೂವರ್ ನಿಮ್ಮ ಚೀಲದಾಗ ಇರಲಿ, ಪಾನಾ ಯಾವ ಗ್ಯಾರೇಜಿನ್ಯಾಗೂ ಸಿಗತೈತಿ. ಊರು ಮುಟ್ಟೂತನಕ, ಮುರಿದ ಕಡ್ಡಿ ಪಕ್ಕದ್ದಕ್ಕ ಸುತ್ತಿ ಕಟ್ಟಿ, ರಿಮ್ ಬ್ರೇಕಿಗೆ ತಾಗತಿದ್ರ ಹಿಂದಿನ ಬ್ರೇಕ್ ಬಿಚ್ಚಿ, ಆ ಸೈಕಲ್ಲಿನ ಸಾಮಾನು ಚೀಲ ಇನ್ನೊಬ್ಬರ ಸೈಕಲ್ಲಿಗೆ ಹಾಕಿ ನಿಧಾನ ತುಳೀರಿ. ಘಟ್ಟದ ಮ್ಯಾಲೆ ಇದು ಆದ್ರ ತುಳಿಯಬ್ಯಾಡ್ರಿ, ಟೆಂಪೋ ಹತ್ರಿ.

ಫ್ರೀವೀಲ್ ಹಬ್ಬಿಗೆ ಇನ್ನೊಂದು ದೌರ್ಬಲ್ಯ ಐತಿ. ಬಲಗಡೆ ಬೇರಿಂಗ್ ಒಳಗ ಕುಂತಿರತೈತಿ, ಎಕ್ಸೆಲ್ ಹೊರಗ ಉದ್ದ ಚಾಚಿರತೈತಿ. ಭಾರ ಬಿದ್ರ ಎಕ್ಸೆಲ್ ಬಾಗತೈತಿ, ಮುರೀತೈತಿ. ಹತ್ತೂ ಕಿಲೋ ಹಿಂದ ಹೇರಬ್ಯಾಡ್ರಿ. ಪಾನಾ, ಟ್ಯೂಬ್‌ನಂಥ ತೂಕದ ಸಾಮಾನು ಮೂರು ಕಿಲೋದಷ್ಟು ಹ್ಯಾಂಡಲ್ ಚೀಲಕ್ಕ ಹಾಕ್ರಿ, ಉಳಿದಿದ್ದು ಹಿಂದ ಎರಡೂ ಬದಿ ಸಮ, ಆದಷ್ಟು ಕೆಳಗ. ಗುಂಡಿ ಕಂಡ್ರ ಸೀಟಿನಿಂದ ಎದ್ದು ದಾಟ್ರಿ.

ಬಾಗಲಕೋಟಿ_ಹ್ಯಾಂಡಲ್

ವಾಪಸ್ ಬರೂದು ಹೇಳತೇನಿ. ರೈಲಾದ್ರ ಉಡುಪಿಯಿಂದ ಮಡಗಾಂವ್, ಅಲ್ಲಿಂದ ಗೋವಾ ಎಕ್ಸ್‌ಪ್ರೆಸ್ ಲೋಂಡಾ ಮ್ಯಾಲೆ ಬೆಳಗಾವಿಗೆ ಬರತೈತಿ. ಸೈಕಲ್ ಪಾರ್ಸೆಲ್ ಆಫೀಸಿನ್ಯಾಗ ನಿಮ್ಮ ಟಿಕೆಟ್ ತೋರಿಸಿ ಲಗೇಜ್ ಅಂತ ಬುಕ್ ಮಾಡಬೇಕು, ಬ್ರೇಕ್ ವ್ಯಾನಿನ್ಯಾಗ ಹೋಗತೈತಿ. ಉಡುಪಿಯಾಗ ಗಾಡಿ ನಿಲ್ಲೂದು ಸ್ವಲ್ಪೇ ಹೊತ್ತು, ನಾಲ್ಕು ಸೈಕಲ್ ಏರಸೂದು ಆತಂಕದ ಕೆಲಸ. ಮಡಗಾಂವ್‌ದಾಗ ಬಿಡಿಸಿಕೊಂಡು ಮತ್ತ ಬುಕ್ ಮಾಡಬೇಕು. ನಾಲ್ಕು ಮಂದಿಗೆ ನಾನಾದ್ರ ಬಸ್ ಹೇಳತೇನಿ. ಉಡುಪಿ ಇಲ್ಲಾ ಕುಂದಾಪುರದಿಂದ ಹುಬ್ಬಳ್ಳಿ, ಅಲ್ಲಿಂದ ಬೆಳಗಾವಿ. ಹಿಂದಿನ ದಿನ ಡಿಪೋದಾಗ ಕೇಳ್ರಿ, ಕಂಡಕ್ಟರ್ ಹತ್ರ ಲಗೇಜ್ ಟಿಕೆಟ್ ತಗೋರಿ, ವಾರದ ಕೊನಿ ದಿನ ಬಿಡ್ರಿ.

ಏರಸೂ ಮೊದಲ ಮುಂದಿನ ಗಾಲಿ, ಪೆಡಲ್ ಬಿಚ್ರಿ. ಎಡಗಡೆ ಪೆಡಲ್ ಉಲ್ಟಾ ಬಿಚ್ಚತೈತಿ, ಮರೀಬ್ಯಾಡ್ರಿ. ಗೇರನ್ನ ಎಲ್ಲಾಕಿಂತ ದೊಡ್ಡ ಹಲ್ಲಿಗೆ ಹಾಕಿದ್ರ ಡಿರೇಲರ್ (ಚೈನನ್ನ ಗೇರಿಂದ ಗೇರಿಗೆ ದಾಟಸೂ ಭಾಗ) ಒಳಗ ಸರೀತೈತಿ. ಗೇರ್ ಬದಿ ಮ್ಯಾಲೆ ಬರೂಹಂಗ ಮಲಗಸ್ರಿ, ಅದರ ಮ್ಯಾಲೆ ಯಾರ ಮೂಟಿನೂ ಬೀಳಬಾರದು. ಡಿರೇಲರ್ ಹಿಡಿದಿರೂ ಹ್ಯಾಂಗರ್ ಮೆತ್ತನ ಅಲ್ಯುಮಿನಿಯಂ, ಸಣ್ಣ ಒತ್ತಿಗೆ ಒಳಗ ಬಾಗತೈತಿ. ಕಣ್ಣಿಗೆ ಕಾಣೂದಿಲ್ಲ. ಬೆಳಗಾವಿಯಾಗ ಇಳಿದು ಹುರುಪಿನ್ಯಾಗ ಏರಿನ ಗೇರಿಗೆ ಹಾಕಿದ್ರ ಡಿರೇಲರ್ ಕಡ್ಡಿಯೊಳಗ ಸಿಕ್ಕು ಚಕ್ರನೇ ಹೋಗತೈತಿ. ಹತ್ತೂ ಮೊದಲ ಹಿಂದಿನ ಗಾಲಿ ಎತ್ತಿ, ಕೈಯಿಂದ ಪೆಡಲ್ ತಿರುವಿ, ಒಂದೊಂದೇ ಗೇರ್ ಹಾಕಿ, ಕಡ್ಡಿಗೂ ಡಿರೇಲರಿಗೂ ನಡುವ ಜಾಗಾ ಐತೇನು ಹಿಂದಿನಿಂದ ನೋಡ್ರಿ.