ಅಪ್‌ಡೇಟ್: ಓಡುತ್ತಾ ಆಫ್ ಆಗುತ್ತಿದ್ದ ನಮ್ಮ ಎಂಜಿಬಿ ಸರಿಹೋಯಿತು
ನಾನೂ ಮಗಳೂ ಸೇರಿ ರಿಪೇರಿ ಮಾಡುತ್ತಿರುವ 1967ರ ಎಂಜಿಬಿ (ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರು) ಸ್ವಲ್ಪ ದೂರ ಓಡಿ ಆಫ್ ಆಗುತ್ತದೆ, ಸುಮ್ನೆ ಬಿಟ್ಟರೆ ಆಮೇಲೆ ಸ್ಟಾರ್ಟ್ ಆಗುತ್ತದೆ, ಯಾಕೆ ಅಂತ ಇಲ್ಲಿ ಕೇಳಿದ್ದೆನಲ್ಲ, ಕಾರಣ ಸಿಕ್ಕಿತು. ಕಿಡಿ ಹೊತ್ತಿಸಲು ಕರೆಂಟ್ ಕೊಡುವ ಇಗ್ನಿಷನ್ ಕಾಯಿಲ್ ಬದಲಿಸಿದ್ದರಿಂದ ಏನೂ ಆಗಲಿಲ್ಲ. ಪೆಟ್ರೋಲಿಗೆ ಗಾಳಿ ಬೆರೆಸುವ ಎರಡೂ ಕಾರ್ಬುರೇಟರ್ ಬಿಚ್ಚಿ ತೊಳೆದೆವು, ಐಡಲಿಂಗ್ (ನಿಂತಲ್ಲೇ ಎಂಜಿನ್ ಓಡುವುದು) ಚೆನ್ನಾಯಿತು ಅಷ್ಟೇ.

ಕೆಲಸಕ್ಕೆ ಬಂದಿದ್ದು 'ಕಾರು ನಿಂತ ಕೂಡಲೇ, ಕೀ ಆನ್ ಇಟ್ಟು, ಪೆಟ್ರೋಲ್ ಟ್ಯಾಂಕ್ ಮುಚ್ಚಳ ತೆಗೆದು ನೋಡಿ' ಅನ್ನುವ ಸಲಹೆ. ಮಗಳು ಮುಚ್ಚಳ ತಿರುಗಿಸಿದ್ದೇ ತಡ, ಟ್ಯಾಂಕ್ ಉಸ್ಸಂತ ಗಾಳಿ ಎಳೆದುಕೊಂಡಿತು, ಸುಮ್ಮನಾಗಿದ್ದ ಪೆಟ್ರೋಲ್ ಎಳೆಯುವ ಎಲೆಕ್ಟ್ರಿಕ್ ಪಂಪ್ ಟಕಟಕ ಅನ್ನತೊಡಗಿತು! ಇಷ್ಟು ಹಳೆಯ ಮಾಡೆಲ್‌ನಲ್ಲಿ ಟ್ಯಾಂಕಿಗೆ ಗಾಳಿ ಹೋಗುವುದು ಮುಚ್ಚಳದ ಸಣ್ಣ ತೂತಿನಿಂದಲೇ ಅಂತ ಗೊತ್ತಾಗಿದ್ದು ಆಗಲೇ. ಯಾರೋ ಮೊದಲು ತೂತಿಲ್ಲದ ಮುಚ್ಚಳ ಹಾಕಿದ್ದರು, ಪೆಟ್ರೋಲ್ ಇಳಿದಂತೆ ಒಳಗೆ ಗಾಳಿ ಬಾರದೆ ಪಂಪ್‌ಗೆ ಎಳೆಯಲು ಆಗುತ್ತಿರಲಿಲ್ಲ. ಸರಿಯಾದ ಮುಚ್ಚಳ ಹಾಕಿದ ಮೇಲೆ ಒಮ್ಮೆಯೂ ನಿಂತಿಲ್ಲ. ಇಬ್ಬರಿಂದಲೂ ಥ್ಯಾಂಕ್ಸ್, ಇನ್ನು ಬ್ರೇಕ್ ಕೆಲಸ ಶುರು.