ಬಿದ್ದವರನ್ನು ಪ್ಯಾರಾಮೆಡಿಕ್‌ಗಳು ಕೂಡಲೇ ಎತ್ತುವುದಿಲ್ಲವೇಕೆ?

ಪ್ರಶ್ನೆ:
ಎಪ್ಪತ್ತು ದಾಟಿದ ನಮ್ಮ ತಂದೆಯವರು ಈಚೆಗೆ ಬೆಳಗಿನ ಜಾವ ಬಚ್ಚಲುಮನೆಯಲ್ಲಿ ಬಿದ್ದರು. ಆಂಬುಲೆನ್ಸ್‌ನಲ್ಲಿ ಬಂದವರಲ್ಲಿ ಒಬ್ಬರು ತಲೆಯ ಬಳಿ ಮೊಣಕಾಲೂರಿ, ಎರಡೂ ಕೈಗಳಿಂದ ತಲೆ ಅಲುಗದಂತೆ ಹಿಡಿದುಕೊಂಡರೆ, ಇನ್ನೊಬ್ಬರು ಬೆರಳಿಗೆ ಸೂಜಿ ಚುಚ್ಚಿ ಸಕ್ಕರೆ ಪರೀಕ್ಷಿಸಿ, ಇಸಿಜಿ ತೆಗೆದು, ಯಾವ ಮಾತ್ರೆಗಳನ್ನು ನುಂಗುತ್ತಾರೆಂದು ವಿಚಾರಿಸತೊಡಗಿದರು. ಅವರ ನಡವಳಿಕೆಯ ಬಗ್ಗೆ ನನ್ನ ದೂರಿಲ್ಲ; ಆದರೆ ನೋವಿನಿಂದ ನರಳುತ್ತಿದ್ದವರನ್ನು ನೆಲದ ಮೇಲೆಯೇ ಮಲಗಿಸಿ ಇಷ್ಟೆಲ್ಲ ಮಾಡುವ ಅಗತ್ಯವೇನಿತ್ತೆಂಬುದನ್ನು ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1:
ನಾನೂ ಪ್ಯಾರಾಮೆಡಿಕ್. ಉಸಿರಾಟ, ನಾಡಿ, ರಕ್ತಸ್ರಾವ ಇವುಗಳನ್ನು ನೋಡಿದ ಮೇಲೆ ನಮ್ಮ ಗಮನ ಕತ್ತಿನ ಕಡೆಗೆ ಹೋಗುತ್ತದೆ, ಏಕೆಂದರೆ 65 ದಾಟಿದವರು ನಿಂತಲ್ಲೇ ಕುಸಿದರೂ ಕತ್ತಿನ ಮೂಳೆ ಮುರಿದಿರುವ ಸಾಧ್ಯತೆ ಇರುತ್ತದೆ. ಇನ್ನು, ಅವರು ಕಾಲು ಜಾರಿ ಬಿದ್ದರೋ, ಕಣ್ಣು ಕತ್ತಲೆ ಬಂದು ಬಿದ್ದರೋ ಎಂಬುದು ಬಹಳ ಮುಖ್ಯವಾದ ಪ್ರಶ್ನೆ. ಸಕ್ಕರೆ ಇಳಿದಿದ್ದರೆ ಅಥವಾ ಹೃದಯದ ಬಡಿತ ತಪ್ಪಿದ್ದರೆ ಗಾಯಕ್ಕಿಂತ ಅದೇ ದೊಡ್ಡ ಅಪಾಯ. ಒಂದು ಕಾಲು ಗಿಡ್ಡವಾದಂತೆ ಕಂಡು ಪಾದ ಹೊರಕ್ಕೆ ತಿರುಗಿದ್ದರೆ ಸೊಂಟದ ಕೀಲಿನ ಬಳಿ ಮುರಿದಿದೆಯೆಂದೇ ಶಂಕಿಸುತ್ತೇವೆ. ಅಂಥವರನ್ನು ಕಂಕುಳಿಗೆ ಕೈ ಕೊಟ್ಟು ಎಬ್ಬಿಸುವುದು ಹಿಂಸೆಯೇ ಸರಿ. ನೋವಿನ ಔಷಧ ಕೊಟ್ಟು, ಅದು ಹಿಡಿಯುವವರೆಗೆ ಕಾದು, ಉದ್ದಕ್ಕೆ ಎರಡು ಹೋಳಾಗಿ ಬಿಚ್ಚಿಕೊಳ್ಳುವ ಸ್ಟ್ರೆಚರನ್ನು ಎರಡು ಬದಿಗಳಿಂದ ಮೈಯಡಿಗೆ ಸರಿಸಿ ಎತ್ತುತ್ತೇವೆ.

ಉತ್ತರ 2:
ಮಾತ್ರೆಗಳ ವಿಚಾರ ನಾನು ಹೇಳುತ್ತೇನೆ, ತುರ್ತು ಚಿಕಿತ್ಸಾ ವಿಭಾಗದಲ್ಲಿ ದಾದಿಯಾಗಿದ್ದೇನೆ. ವಾರ್ಫರಿನ್‌ನಂತಹ, ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ಔಷಧ ತೆಗೆದುಕೊಳ್ಳುವವರಿಗೆ ತಲೆಗೆ ಪೆಟ್ಟಾದರೆ, ಆ ಕ್ಷಣಕ್ಕೆ ಚೆನ್ನಾಗಿಯೇ ಮಾತನಾಡುತ್ತಿದ್ದರೂ ತಲೆಬುರುಡೆಯೊಳಗೆ ನಿಧಾನವಾಗಿ ರಕ್ತ ಸೇರುತ್ತಿರಬಹುದು. ಆದ್ದರಿಂದಲೇ ಅವರಿಗೆ ಸಿಟಿ ಸ್ಕ್ಯಾನ್ ಬೇಗ ಆಗಬೇಕಾಗುತ್ತದೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಕೃತಜ್ಞತೆಗಳು. ಎಷ್ಟು ಹೊತ್ತಿನಿಂದ ಬಿದ್ದಿದ್ದಾರೆಂದು ಮತ್ತೆ ಮತ್ತೆ ಕೇಳಿದ್ದಕ್ಕೂ ಕಾರಣವಿರಬಹುದೇ?

ಉತ್ತರ 1:
ಖಂಡಿತ ಇದೆ. ಒಂದು ಗಂಟೆಗಿಂತ ಹೆಚ್ಚು ಹೊತ್ತು ಗಟ್ಟಿ ನೆಲದ ಮೇಲೆ ಅಲುಗಾಡದೆ ಬಿದ್ದಿದ್ದರೆ ಮೈ ತಣ್ಣಗಾಗುವುದಲ್ಲದೆ, ಒತ್ತಡಕ್ಕೆ ಸಿಕ್ಕ ಸ್ನಾಯುಗಳು ನಶಿಸಿ, ಅವುಗಳಿಂದ ರಕ್ತಕ್ಕೆ ಸೇರುವ ಅಂಶಗಳು ಮೂತ್ರಪಿಂಡಗಳಿಗೆ ಹಾನಿ ಮಾಡಬಹುದು. ಮೂಳೆ ಮುರಿಯದಿದ್ದರೂ ಈ ತೊಂದರೆ ಬರಬಹುದಾದ್ದರಿಂದ, ತಂದೆಯವರ ಮೂತ್ರ ಕಂದು ಬಣ್ಣಕ್ಕೆ ತಿರುಗಿದ್ದರೆ ಅಥವಾ ಕಡಿಮೆಯಾಗಿದ್ದರೆ ತಡಮಾಡದೆ ವೈದ್ಯರಿಗೆ ತಿಳಿಸಿ.