ಕೇಳಿ, ಹೇಳ್ತೀನಿ: ನೀರಿಲ್ಲದ ಜಲವರ್ಣ, ದಪ್ಪವಿಲ್ಲದ ಗೆಸ್ಸೊ

ಎಲ್ಲರಿಗೂ ನಮಸ್ಕಾರ. ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯೋದು ನನ್ನ ಕಸುಬು. ಮೊದಲೆಲ್ಲ ಕಾಗದ, ನೀರು, ಕುಂಚ. ಈಗ ಹೆಚ್ಚಿನ ಕೆಲಸ ಪರದೆ ಮೇಲೆ. ಡಿಜಿಟಲ್ ಜಲವರ್ಣ ಮತ್ತು ದಪ್ಪ ಬಣ್ಣದ ಟೆಕ್ಸ್ಚರ್ ಬಗ್ಗೆ ಏನಿದ್ದರೂ ಕೆಳಗೆ ಕೇಳಿ. ಬ್ರಷ್ ಪ್ಯಾಕ್ (ಸಿದ್ಧ ಡಿಜಿಟಲ್ ಬ್ರಷ್‌ಗಳ ಕಟ್ಟು) ಲಿಂಕ್ ಮಾತ್ರ ಕೇಳಬೇಡಿ. ಯಾಕೆ ಅನ್ನೋದು ಮೊದಲ ಉತ್ತರದಲ್ಲೇ ಗೊತ್ತಾಗುತ್ತೆ.

ಪ್ರಶ್ನೆ (ಡ್ರಾಯಿಂಗ್ ಮಾಸ್ತರ್, ಹಾವೇರಿ ಕಡೆಯವರು): ಮೇಡಂ, ನಮಸ್ಕಾರ ರೀ. ಜಲವರ್ಣದಾಗ ನಂದು 22 ವರ್ಷ ಆತು. ಮಗಳು ಲ್ಯಾಪ್‌ಟಾಪ್‌ನ್ಯಾಗ ಕ್ರಿತಾ ಅನ್ನೋ ಚಿತ್ರ ಬರಿಯೋ ಸಾಫ್ಟ್‌ವೇರ್ ಹಾಕಿ, ಪೆನ್ ಟ್ಯಾಬ್ಲೆಟ್ ಕೊಡಿಸ್ಯಾಳ. ವಾಟರ್‌ಕಲರ್ ಅಂತ ಹೆಸರಿದ್ದ ಬ್ರಷ್ ಎಲ್ಲಾ ತಿರುವಿ ಹಾಕೇನಿ. ಆದ್ರ ಏನು ಬರೆದ್ರೂ ಪ್ಲಾಸ್ಟಿಕ್ ಕೊಡಕ್ಕ ಪೇಂಟ್ ಹೊಡದಂಗ ಕಾಣತೈತಿ. ಯಾವ ಬ್ರಷ್ ಬೇಕು?

ಉತ್ತರ: ಮಾಸ್ತರ್, ಬ್ರಷ್ ಇದ್ದದ್ದೇ ಸಾಕು. ಕೊರತೆ ಇರೋದು ನೀರು ಮತ್ತು ಕಾಗದದ್ದು.

ಟೇಬಲ್ ಮೇಲೆ ಕಾಫಿ ಹನಿ ಬಿದ್ದು ಒಣಗಿದರೆ ನಡುವೆ ತೆಳುವಾಗಿ, ಅಂಚಲ್ಲಿ ಕಪ್ಪು ಬಳೆ ಕೂರುತ್ತಲ್ಲ? ಹನಿಯ ಅಂಚು ಬೇಗ ಆವಿಯಾಗುತ್ತೆ. ಅಲ್ಲಿ ಕಡಿಮೆಯಾದ ನೀರನ್ನು ತುಂಬೋಕೆ ನಡುವಿನ ನೀರು ಹರಿಯುತ್ತೆ, ಪುಡಿಯನ್ನೂ ಜೊತೆಗೆ ಎಳ್ಕೊಂಡು ಹೋಗುತ್ತೆ. ನಿಮ್ಮ ವಾಶ್‌ನ (ನೀರಾಗಿ ಬಳಿದ ತೆಳು ಬಣ್ಣದ) ಅಂಚಲ್ಲಿ ಮೂಡೋ ಗಾಢ ಗೆರೆಯೂ ಅದೇ. 1997ರಲ್ಲಿ ಕ್ಯಾಸಿಡಿ ಕರ್ಟಿಸ್ ಮತ್ತು ಸಂಗಡಿಗರು ಸಿಗ್‌ಗ್ರಾಫ್ ಅನ್ನೋ ಕಂಪ್ಯೂಟರ್ ಗ್ರಾಫಿಕ್ಸ್ ಸಮ್ಮೇಳನದಲ್ಲಿ ಇದನ್ನ ಕಂಪ್ಯೂಟರ್‌ನಲ್ಲಿ ಮಾಡಿ ತೋರಿಸಿದರು. ಕಾಗದದ ಮೇಲೆ ಹರಿಯೋ ನೀರು, ಅದರಿಂದ ಕೆಳಗೆ ಕೂರೋ ಬಣ್ಣ, ಕಾಗದ ಹೀರೋ ತೇವ, ಹೀಗೆ ಮೂರು ಪದರ ಮಾಡಿ ಲೆಕ್ಕ ಹಾಕಿದರು. ರೆಬೆಲ್ ಥರದ ಸಾಫ್ಟ್‌ವೇರ್‌ನಲ್ಲಿ ಬಣ್ಣ ನಿಜಕ್ಕೂ ಹರಿಯುತ್ತೆ; ಕ್ಯಾನ್ವಾಸ್ ಓರೆ ಮಾಡಿದರೆ ಇಳಿದು ಹೋಗುತ್ತೆ. ಕ್ರಿತಾದಲ್ಲಿ ನೀರೇ ಇಲ್ಲ. ಅದು ರಬ್ಬರ್ ಸ್ಟ್ಯಾಂಪ್ ಥರ ಗುರುತು ಒತ್ತುತ್ತಾ ಹೋಗುತ್ತೆ ಅಷ್ಟೇ. ಒಣಗೋ ಕೆಲಸವನ್ನ ನಾವೇ ಮಾಡಬೇಕು.

ನಾನು ಮಾಡೋದು ಹೀಗೆ. ಪ್ರತಿ ವಾಶ್‌ಗೂ ಬೇರೆ ಲೇಯರ್ (ಒಂದರ ಮೇಲೊಂದು ಇಡೋ ಪಾರದರ್ಶಕ ಹಾಳೆ ಥರ), ಅದರ ಬ್ಲೆಂಡಿಂಗ್ ಮೋಡ್ ಮಲ್ಟಿಪ್ಲೈ, ಅಂದರೆ ಕೆಳಗಿನ ಬಣ್ಣದ ಜೊತೆ ಸೇರಿ ಗಾಢವಾಗೋದು. ಬ್ರಷ್ ಎಡಿಟರ್‌ನಲ್ಲಿ ಪೇಂಟಿಂಗ್ ಮೋಡ್ ಅಂತ ಇದೆ, ಅದನ್ನ ಬಿಲ್ಡ್‌ ಅಪ್‌ನಿಂದ ವಾಶ್‌ಗೆ ಬದಲಿಸಿ. ಒಪಾಸಿಟಿ (ಬಣ್ಣ ಕೆಳಗಿನದನ್ನ ಎಷ್ಟು ಮುಚ್ಚುತ್ತೆ ಅನ್ನೋದು) ಶೇಕಡಾ 30–40 ಇಟ್ಕೊಂಡು ಪೆನ್ ಎತ್ತದೆ ಬಳಿದರೆ ಅದೇ ಜಾಗದಲ್ಲಿ ಎಷ್ಟು ಸಲ ಓಡಾಡಿದರೂ ಗಾಢ ಆಗಲ್ಲ. ಪೆನ್ ಎತ್ತಿ ಮತ್ತೆ ಇಟ್ಟರೆ ಆಗುತ್ತೆ. ಅಂದರೆ ಪೆನ್ ಎತ್ತಿದಾಗ ವಾಶ್ ಒಣಗಿತು ಅಂತ ತಿಳ್ಕೊಳ್ಳಿ. ನಿಮ್ಮ ಕೈಗೆ ಈ ಲೆಕ್ಕ ಆಗಲೇ ಗೊತ್ತು.

ಆಮೇಲೆ ಅಂಚು. ಲೇಯರ್ ಸ್ಟೈಲ್‌ನಲ್ಲಿ ಇನ್ನರ್ ಗ್ಲೋ (ಒಳ ಅಂಚಿಗೆ ಬಣ್ಣ ಕೊಡೋ ಆಯ್ಕೆ) ತೆಗೆದು, ಅದೇ ಬಣ್ಣದ ಗಾಢ ಛಾಯೆ ಕೊಟ್ಟು, ಮಲ್ಟಿಪ್ಲೈಗೆ ಹಾಕಿ. ಬಳೆ ಮೂಡುತ್ತೆ. ಇಲ್ಲಿಗೇ ಬಿಟ್ಟರೆ ಸುತ್ತಲೂ ಒಂದೇ ಸಮ ಅಂಚು ಬಂದು ಸ್ಟಿಕರ್ ಅಂಟಿಸಿದ ಹಾಗಿರುತ್ತೆ. ಮೆತ್ತನೆ ಎರೇಸರ್‌ನಿಂದ ಅರ್ಧದಷ್ಟು ಅಂಚನ್ನ ಕರಗಿಸಿ. ಎಲ್ಲಿ ಕರಗಿಸಬೇಕು, ಎಲ್ಲಿ ಬಿಡಬೇಕು ಅನ್ನೋದು ನೋಟದ ವಿಷಯ. ಅದು ಯಾವ ಬ್ರಷ್ ಪ್ಯಾಕ್‌ನಲ್ಲೂ ಬರಲ್ಲ.

ಇನ್ನು ಕಾಗದ. ಎಲ್ಲರೂ ಕಾಗದದ ಫೋಟೊ ತಂದು ಎಲ್ಲದರ ಮೇಲೆ ಒಂದು ಲೇಯರ್ ಹೊದಿಸ್ತಾರೆ. ಚಿತ್ರಕ್ಕೆ ಸೊಳ್ಳೆಪರದೆ ಕಟ್ಟಿದ ಹಾಗಾಗುತ್ತೆ. ನಿಜದಲ್ಲಿ ಅಲ್ಟ್ರಾಮರೀನ್‌ನಂಥ ಭಾರದ ಬಣ್ಣ ಕಾಗದದ ಗುಳಿಗಳಲ್ಲಿ ಕೂರುತ್ತೆ. ಹಾಗಾಗಿ ಕಾಗದ ಬ್ರಷ್ ಒಳಗೇ ಇರಬೇಕು: ಬ್ರಷ್ ಎಡಿಟರ್‌ನ ಟೆಕ್ಸ್ಚರ್ ವಿಭಾಗದಲ್ಲಿ ಪ್ಯಾಟರ್ನ್ ಆಗಿ. ನಿಮ್ಮ ಹತ್ತಿರ ಇರೋ 300 ಜಿಎಸ್‌ಎಂ ಕೋಲ್ಡ್ ಪ್ರೆಸ್ (ದಪ್ಪ, ತರಿತರಿ ಮೈಯ) ಹಾಳೆ ಮೇಲೆ ಪೆನ್ಸಿಲ್‌ನ ಮಗ್ಗುಲನ್ನ ಹಗುರಾಗಿ ಉಜ್ಜಿ, ಸ್ಕ್ಯಾನ್ ಮಾಡಿ, ಕಪ್ಪುಬಿಳುಪು ಮಾಡಿ. ಕ್ರಿತಾದಲ್ಲಿ ಡಬ್ಲ್ಯೂ ಕೀ ಒತ್ತಿದರೆ ರ‍್ಯಾಪ್ ಅರೌಂಡ್ (ಚಿತ್ರ ಟೈಲ್ಸ್ ಥರ ಸುತ್ತಲೂ ಮರುಕಳಿಸಿ ಕಾಣೋದು) ಬರುತ್ತೆ, ಜೋಡಣೆ ಗೆರೆ ಕಾಣದ ಹಾಗೆ ತಿದ್ದಬಹುದು.

ಪ್ರಶ್ನೆ (ಬಿ.ವಿ.ಎ. ವಿದ್ಯಾರ್ಥಿನಿ, ಮೈಸೂರು): ಅಕ್ಕಾ, ನೀಲಿ ಹಳದಿ ಬೆರೆಸಿದ್ರೆ ಹಸಿರು ಬರ್ತಾನೇ ಇಲ್ಲ, ಬೂದಿ ಬಣ್ಣ ಬರುತ್ತೆ. ನನ್ನ ಸೆಟ್ಟಿಂಗ್ ತಪ್ಪಾ?

ಉತ್ತರ: ನಿನ್ನ ತಪ್ಪಲ್ಲಮ್ಮ. ಪರದೆ ಬೆರೆಸೋದು ಬೆಳಕನ್ನ. ಶುದ್ಧ ನೀಲಿ, ಶುದ್ಧ ಹಳದಿ ಅರ್ಧರ್ಧ ಸೇರಿದರೆ ಕೆಂಪು, ಹಸಿರು, ನೀಲಿ ಮೂರೂ 128ರ ಹತ್ತಿರ ನಿಲ್ಲುತ್ತೆ. ಅದು ಬೂದು. ಪುಡಿ ಬಣ್ಣ ಬೆಳಕನ್ನ ನುಂಗುತ್ತೆ, ಆ ಲೆಕ್ಕವೇ ಬೇರೆ. ರೆಬೆಲ್ 5 ಪ್ರೊ ಬಂದಾಗಿನಿಂದ ಅದರಲ್ಲಿ ಪಿಗ್ಮೆಂಟ್ ಮಿಶ್ರಣ ಇದೆ, ಅಲ್ಲಿ ಹಸಿರೇ ಬರುತ್ತೆ. ಬೇರೆ ಕಡೆ ಹಳದಿ ವಾಶ್ ಮೇಲೆ ಮಲ್ಟಿಪ್ಲೈನಲ್ಲಿ ನೀಲಿ ಎಳಿ. ಆದರೆ ಆಕಾಶನೀಲಿ ಥರ ಹಸಿರಿನ ಕಡೆ ವಾಲಿದ ನೀಲಿ ಇರಲಿ. ಶುದ್ಧ ನೀಲಿ ಹಾಕಿದರೆ ನೇರ ಕಪ್ಪಾಗುತ್ತೆ.

ಪ್ರಶ್ನೆ: ದುಡ್ಡು ಹಾಕದೆ ಕಲಿಯೋಕೆ ಯಾವುದು ಒಳ್ಳೇದು? 8 ಜಿಬಿ ರ‍್ಯಾಮ್ ಇರೋ ಹಳೇ ಲ್ಯಾಪ್‌ಟಾಪ್.

ಉತ್ತರ: ಕ್ರಿತಾ. ಐಪ್ಯಾಡ್ ಇದ್ದರೆ ಅಡೋಬಿ ಫ್ರೆಸ್ಕೊ, 2024ರಿಂದ ಉಚಿತ. ಅದರ ಲೈವ್ ಬ್ರಷ್‌ನಲ್ಲಿ ಬಣ್ಣ ಹರಡೋದನ್ನ ಕಣ್ಣಾರೆ ನೋಡಬಹುದು. ನೀರು ಹರಿಸೋ ಸಾಫ್ಟ್‌ವೇರ್ ಹಳೇ ಯಂತ್ರದಲ್ಲಿ ಏದುಸಿರು ಬಿಡುತ್ತೆ. 300 ಡಿಪಿಐನ ಎ4 ಅಂದರೆ 2480×3508 ಪಿಕ್ಸೆಲ್, ತುಂಬಿದ ಒಂದು ಲೇಯರ್‌ಗೆ ಸುಮಾರು 35 ಎಂಬಿ. ಎ3 ಆದರೆ ಅದರ ಎರಡರಷ್ಟು. 20 ಲೇಯರ್ ಇಟ್ಟರೆ ಎಲ್ಲಿಗೆ ಹೋಗುತ್ತೆ ನೀವೇ ಲೆಕ್ಕ ಹಾಕಿ. ಎ4ರಲ್ಲೇ ಕಲೀರಿ. ಮೌಸ್ ಬೇಡ, ಒತ್ತಡ ಗುರುತಿಸೋ ಪೆನ್ ಬೇಕೇ ಬೇಕು.

ಪ್ರಶ್ನೆ (ಗೃಹಿಣಿ, ಬೆಂಗಳೂರು): ಮೇಡಂ, ನಾನು ಮೈಸೂರು ಶೈಲಿ ಚಿತ್ರ ಕಲಿತಿದ್ದೇನೆ. ಗೆಸ್ಸೊ ಕೆಲಸ (ಆಭರಣ ಉಬ್ಬಿ ಕಾಣಲು ಹಚ್ಚುವ ಲೇಪ), ಚಿನ್ನದ ರೇಕು ಇವನ್ನೆಲ್ಲ ಡಿಜಿಟಲ್‌ನಲ್ಲಿ ತರಬಹುದೇ? ಜೊತೆಗೆ ಆಯಿಲ್ ಪೇಂಟ್‌ನಲ್ಲಿ ನೈಫ್‌ನಿಂದ ಹಚ್ಚಿದಂಥ ದಪ್ಪ?

ಉತ್ತರ: ತರಬಹುದು. ಪರದೆ ಮೇಲೆ ದಪ್ಪ ಅನ್ನೋದೇ ಇಲ್ಲ. ಒಂದು ಕಡೆ ಬೆಳಕು, ಇನ್ನೊಂದು ಕಡೆ ನೆರಳು, ಅಷ್ಟೇ. ಕೋರೆಲ್ ಪೇಂಟರ್‌ನ ಇಂಪ್ಯಾಸ್ಟೊ ಬ್ರಷ್‌ಗಳು ಬಣ್ಣದ ಜೊತೆ ಎತ್ತರವನ್ನೂ ನೆನಪಿಟ್ಟುಕೊಳ್ಳುತ್ತವೆ. ಕ್ರಿತಾದಲ್ಲಿ ಲೇಯರ್ ಸ್ಟೈಲ್‌ನ ಬೆವೆಲ್ ಅಂಡ್ ಎಂಬಾಸ್ (ಅಂಚಿಗೆ ಬೆಳಕು ನೆರಳು ಕೊಟ್ಟು ಉಬ್ಬಿದ ಹಾಗೆ ತೋರಿಸೋದು) ಸಾಕು.

ಮೈಸೂರು ಶೈಲಿಯ ಸೊಗಸೇ ಗೆಸ್ಸೊ ತೆಳುವಾಗಿರೋದು. ತಂಜಾವೂರಿನ ಹಾಗೆ ಉಬ್ಬಿಸಿದರೆ ಕೆಟ್ಟಿತು. 300 ಡಿಪಿಐನಲ್ಲಿ ಒಂದು ಮಿಲಿಮೀಟರ್ ಅಂದರೆ 12 ಪಿಕ್ಸೆಲ್. ಹಾಗಾಗಿ ಬೆವೆಲ್ 2–3 ಪಿಕ್ಸೆಲ್ ದಾಟಬೇಡಿ. ಆಭರಣಕ್ಕೇ ಪ್ರತ್ಯೇಕ ಲೇಯರ್ ಇಡಿ. ಚಿನ್ನಕ್ಕೆ ರೆಡಿಮೇಡ್ ಗ್ರೇಡಿಯಂಟ್ ಹಾಕಿದರೆ ಮದುವೆ ಕಾರ್ಡ್ ಆಗುತ್ತೆ. ಕಂದು, ಕಾವಿ ಬೆರೆತ ಹಳದಿ, ಬಿಳಿಚು ಹಳದಿ, ಈ ಮೂರನ್ನ ಚೂರುಚೂರಾಗಿ ಹಚ್ಚಿ.

ಬೆಳಕಿನ ದಿಕ್ಕು ಇಡೀ ಚಿತ್ರಕ್ಕೆ ಒಂದೇ ಇರಲಿ. ನಾನೊಮ್ಮೆ ನೈಫ್ ಗೀರಿನ ಒಂದು ಗೋಡೆ ಬರೆದು, ಅದನ್ನೇ ನಕಲು ಮಾಡಿ ತಿರುಗಿಸಿ ಎದುರು ಗೋಡೆಗೆ ಹಾಕಿದ್ದೆ. ಲೇಯರ್ ಜೊತೆ ಅದರ ನೆರಳೂ ತಿರುಗಿತು. ಅಚ್ಚಾಗಿ ಬಂದ ಪುಸ್ತಕದಲ್ಲಿ ಒಂದೇ ಕೋಣೆಗೆ ಎರಡು ಸೂರ್ಯ! ಇವತ್ತಿಗೂ ಆ ಪುಟ ತೆಗೆದು ನೋಡೋ ಧೈರ್ಯ ಇಲ್ಲ.

ಡ್ರಾಯಿಂಗ್ ಮಾಸ್ತರ್ (ಎರಡು ದಿನದ ಮೇಲೆ): ಮೇಡಂ, ಅಂಚು ಬಂತು! ಊರ ಬಾವಿ ಚಿತ್ರ ಮಾಡೀನಿ. ಆದ್ರ ಆಕಾಶ ಮಾತ್ರ ಪಟ್ಟಿ ಪಟ್ಟಿ ಆಗೇತಿ.

ಉತ್ತರ: ನೋಡಿದೆ ಮಾಸ್ತರ್, ಬಾವಿಕಟ್ಟೆ ನೆರಳು ಬಹಳ ಚೆಂದ ಬಂದಿದೆ. ಒದ್ದೆ ಮೇಲೆ ಒದ್ದೆ ಬಳಿಯೋದು ಕ್ರಿತಾಕ್ಕೆ ಕಷ್ಟವೇ. ಆಕಾಶವನ್ನ ಒಂದೇ ಸಲಕ್ಕೆ ಹಿಡಿಯೋ ಬದಲು 10–15 ಒಪಾಸಿಟಿಯ ಏಳೆಂಟು ತೆಳು ಪದರ ಹಾಕಿ, ನಡುನಡುವೆ ಸ್ವಲ್ಪ ಬ್ಲರ್ ಕೊಡಿ. ಇದೇನೂ ಹೊಸತಲ್ಲ. 1903ರಲ್ಲಿ ಕಲ್ಕತ್ತೆಗೆ ಬಂದ ಜಪಾನಿ ಕಲಾವಿದರಿಂದ ಕಲಿತು ಅವನೀಂದ್ರನಾಥ ಟ್ಯಾಗೋರರು ರೂಢಿಸಿಕೊಂಡ ವಾಶ್ ಪದ್ಧತಿಯಲ್ಲಿ ಬಣ್ಣ ಹಚ್ಚಿ, ಹಾಳೆಯನ್ನೇ ನೀರಲ್ಲಿ ಅದ್ದಿ, ಒಣಗಿಸಿ ಮತ್ತೆ ಹಚ್ಚುತ್ತಿದ್ದರು. ನಮ್ಮ ಕೆ. ವೆಂಕಟಪ್ಪನವರು ಕಲಿತದ್ದು ಅವರ ಹತ್ತಿರವೇ. ಬ್ಲರ್ ಅಂದರೆ ನಮ್ಮ ಅದ್ದುವ ತೊಟ್ಟಿ ಅಂದ್ಕೊಳ್ಳಿ.

ಅದೂ ಬೇಡ ಅನಿಸಿದರೆ ಆಕಾಶ ಮಾತ್ರ ಕಾಗದದ ಮೇಲೆ ಬಳಿದು ಸ್ಕ್ಯಾನ್ ಮಾಡಿ ಕೆಳಗೆ ಇಡಿ. ನಾನು ಎಷ್ಟೋ ಸಲ ಹಾಗೇ ಮಾಡ್ತೀನಿ. ಒಂದು ಮಾತು: ಬಾವಿ ನೀರಿನ ಮೇಲೆ ಖಾಲಿ ಬಿಟ್ಟ ಬಿಳಿ ಇದೆಯಲ್ಲ, ಅದನ್ನ ತುಂಬಬೇಡಿ.

ಡ್ರಾಯಿಂಗ್ ಮಾಸ್ತರ್: ನಿನ್ನೆ ರಾತ್ರಿನೇ ತುಂಬಿಬಿಟ್ಟೇನ್ರೀ. ಅದೇ ಲೇಯರ್ ಮ್ಯಾಲೆ. ಸೇವ್ ಮಾಡಿ ಬಂದ್ ಮಾಡೀನಿ.

ಉತ್ತರ: ಅಯ್ಯೋ. ಫೈಲ್ ಇರೋ ಫೋಲ್ಡರ್ ತೆಗೀರಿ. ಅದೇ ಹೆಸರಿನ ಕೊನೆಗೆ ~ ಗುರುತು ಇರೋ ಇನ್ನೊಂದು ಫೈಲ್ ಇದೆಯಾ? ಹಿಂದಿನ ಸೇವ್‌ನ ಪ್ರತಿಯನ್ನ ಕ್ರಿತಾ ಹಾಗೆ ಇಟ್ಟಿರುತ್ತೆ. ಅದನ್ನ ನಕಲು ಮಾಡಿ, ~ ತೆಗೆದು, ಬೇರೆ ಹೆಸರು ಕೊಟ್ಟು ತೆರೀರಿ.

ಡ್ರಾಯಿಂಗ್ ಮಾಸ್ತರ್: ಸಿಕ್ತು ಮೇಡಂ. ಬಿಳಿ ಹಂಗ ಐತಿ.